ಕೆಂಪು ಪೆನ್ನಿನ ಲೆಕ್ಕ

ನಾನು ಆಪ್ತಸಲಹೆಗಾರ್ತಿ; ಬಂದವರ ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಕಲಬುರಗಿಯಿಂದ ಯಾದಗಿರಿಗೆ ದಿನಾ ರೈಲಿನಲ್ಲಿ ಓಡಾಡುವ ನೌಕರರು ಬಂದಾಗೆಲ್ಲ ಹೆಚ್ಚುಕಡಿಮೆ ಇದೇ ಕಥೆ, ಅದಕ್ಕೇ ಬರೆಯುತ್ತಿದ್ದೇನೆ.

ಅಂಥವರಲ್ಲಿ ಒಬ್ಬರು ಇವರು, 41 ವರ್ಷ. ಸಕ್ಕರೆ ಗಡಿಗೆ ಬಂದಿದೆ, ತೂಕ ಇಳಿಸಿ ಎಂದು ಡಾಕ್ಟರು ಹೇಳಿದ್ದರು. ಫೋನಿನಲ್ಲಿ ಸಿಕ್ಕ ಚಾರ್ಟ್ ನಂಬಿ ಜೋಳದ ರೊಟ್ಟಿ ಬಿಟ್ಟು ಓಟ್ಸ್ ಹಿಡಿದರು. ನಸುಕಿನ 5ಕ್ಕೆ ಎದ್ದು 45 ನಿಮಿಷ ನಡಿಗೆ. ಮೂರು ವಾರ ನಡೆಯಿತು, ಆಮೇಲೆ ಮುಗ್ಗರಿಸಿತು. ನನ್ನ ಬಳಿ ಬಂದದ್ದು ಮಾತ್ರ ಸಿಟ್ಟಿಗೆ, ನಿದ್ದೆಗೇಡಿಗೆ.

ಎರಡನೇ ಭೇಟಿಗೆ ಮಗನ ಹಳೆಯ ಗಣಿತದ ನೋಟ್‌ಬುಕ್ ತಂದರು. ಹಿಂದಿನ ಹಾಳೆಗಳ ತುಂಬ ತಾರೀಖು, ಪಕ್ಕದಲ್ಲಿ ಕೆಂಪು ಪೆನ್ನಿನ ಇಂಟು ಗುರುತು. ಕೆಲವು ಕಡೆ ಹಾಳೆ ಹರಿಯುವಷ್ಟು ಒತ್ತಿ ಬರೆದಿದ್ದರು.

"ಇವೇನ್ರಿ?"

"ತಪ್ಪಿಸಿದ ದಿನ ರೀ ಮೇಡಂ. ಮುಂಜಾನಿ ವಾಕಿಂಗ್ ತಪ್ಪಿತಂದ್ರ ಆ ದಿನ ಹೋತಂತ ಲೆಕ್ಕ. ಹೋದ ದಿನಕ್ಕ ಪಥ್ಯ ಯಾಕ? ಸಂಜಿಗಿ ಸ್ಟೇಷನ್ ಮುಂದ ಮಿರ್ಚಿ ಭಜಿ ತಿಂದು ಬರ್ತೀನಿ."

"ಯಾದಗಿರಿ ಸ್ಟೇಷನ್‌ದಿಂದ ಆಫೀಸಿಗೆ ಹ್ಯಾಂಗ ಹೋಗ್ತೀರಿ?"

"ನಡಕೊಂತ, 15 ನಿಮಿಷ. ಬರೂಮುಂದ ಆಟೋ. ಅದೇನು ಲೆಕ್ಕಕ್ಕ ಬರ್ತದೇನ್ರಿ?"

ಪೆನ್ನು ಇಸಿದುಕೊಂಡು ಅದೇ ಹಾಳೆಯಲ್ಲಿ ಗುಣಿಸಿದೆ. ವಾರಕ್ಕೆ ಐದು ದಿನ, 75 ನಿಮಿಷ. ಬರುವಾಗಲೂ ನಡೆದರೆ 150. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಕನಿಷ್ಠ ಹೇಳುವುದೂ ಅಷ್ಟೇ, ಬಿರುಸು ನಡಿಗೆಯಾಗಿರಬೇಕು. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಲೇಬೇಕೆಂಬ ಹಳೆಯ ಕರಾರನ್ನೂ 2020ರಲ್ಲಿ ಕೈಬಿಟ್ಟರು. ಅವರು ಹಾಳೆಯನ್ನೇ ನೋಡುತ್ತ ಕುಂತರು.

"ಹಂಗಾದ್ರ ಇಷ್ಟ ದಿನ ನನ್ನ ನಾ ಸುಮ್‌ಸುಮ್ನ ಬೈಕೊಂಡೆನೇನ್ರಿ?"

ಆಪ್ತಸಲಹೆಗಾರ್ತಿ ಊಟದ ಚೀಟಿ ಬರೆಯಬಾರದು ಎನ್ನುವವರಿದ್ದಾರೆ. ನಾನು ಬರೆಯಲಿಲ್ಲ, ಫೋನಿನಲ್ಲಿ ಸಿಕ್ಕಿದ್ದ ಚೀಟಿ ಹರಿದುಹಾಕಿಸಿದೆ. ಔಷಧಿ, ರಕ್ತಪರೀಕ್ಷೆ ಡಾಕ್ಟರ ಮಾತಿನಂತೆಯೇ ನಡೆಯಲಿ ಎಂದೆ. ಆದರೆ ಹೆಂಡತಿ ನಸುಕಿನಲ್ಲಿ ಎರಡೆರಡು ಅಡುಗೆ ಮಾಡಬೇಕಾದ ಪಥ್ಯ ಎಷ್ಟು ದಿನ ಬಾಳೀತು? ಜೋಳದಲ್ಲೂ ನಾರಿದೆ. ಮೊದಲು ಇವರ ಡಬ್ಬಿಯಲ್ಲಿ ನಾಲ್ಕು ರೊಟ್ಟಿಗೆ ಪಲ್ಯ ಎರಡೇ ಚಮಚ ಇರುತ್ತಿತ್ತು, ಎಡವಟ್ಟು ಅಲ್ಲಿತ್ತು. ಎರಡು ರೊಟ್ಟಿ, ಡಬ್ಬಿಯ ಅರ್ಧ ಪುಂಡಿಪಲ್ಯವೋ ಮೆಂತ್ಯೆಯೋ, ಜೊತೆಗೆ ಕಾಳು, ಮೊಸರು ಇರಲಿ ಎಂದು ಮನೆಯವರೊಂದಿಗೇ ಕೂತು ಮಾತಾಡಿಕೊಂಡೆವು. ಸಂಜೆ ನಾಲ್ಕಕ್ಕೆ ಹಿಡಿ ಹುರಿಗಡಲೆ, ಭಜಿ ಅಂಗಡಿ ಮುಟ್ಟುವಷ್ಟರಲ್ಲಿ ಹಸಿವು ಕೆರಳದಿರಲಿ ಎಂದು. ಬೆಳಿಗ್ಗೆ ಹಾಲು ಕಾಯುವಷ್ಟರಲ್ಲಿ ಹತ್ತು ಬೈಠಕ್, ಅಂದರೆ ಬಸ್ಕಿ.

ಮೇ ತಿಂಗಳ ಬಿಸಿಲಲ್ಲಿ ಸಂಜೆ ಐದಕ್ಕೂ ನಡೆಯಿರಿ ಎಂದು ನಾನು ಹೇಳಲಾರೆ. ಆಗ ಆಟೋನೇ ಸರಿ, ರಾತ್ರಿ ಉಂಡಮೇಲೆ ಓಣಿಯಲ್ಲಿ ತಿರುಗಿದರಾಯಿತು.

ತಿಂಗಳ ಮೇಲೆ ಬಂದಾಗ ತೂಕ ಇಳಿದದ್ದು ಒಂದೇ ಕಿಲೋ. ಶನಿವಾರದ ಭಜಿ ಹಾಗೇ ಇದೆ, ಅದನ್ನು ಬಿಡಿಸುವ ಗೋಜಿಗೆ ನಾನೂ ಹೋಗಿಲ್ಲ. ನೋಟ್‌ಬುಕ್ಕಿನಲ್ಲಿ ಒಂದು ಕಡೆ ಇಂಟು ಹಾಕಿ ಮತ್ತೆ ಅದನ್ನು ಹೊಡೆದು, ಪಕ್ಕದಲ್ಲಿ ನೀಲಿ ಪೆನ್ನಿನಲ್ಲಿ ಬರೆದಿದ್ದರು: "12 ನಿಮಿಷ. ರೈಲು ಲೇಟ್, ಪ್ಲಾಟ್‌ಫಾರ್ಮ್ ಮ್ಯಾಲೇ."