ಅವನೇ ಎಂದು ನಿಮ್ಮ ಕಥೆಗೆ ಹೇಗೆ ಗೊತ್ತಾಯಿತು?

ನಮಸ್ಕಾರ.

ನಿಮ್ಮ ಕಥೆ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಾಗಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕೇರಳದ ಕಾಸರಗೋಡು ಜಿಲ್ಲೆ, ಪೆರ್ಲದ ಆಚೆಗೊಂದು ಹಳ್ಳಿ. ಕಲ್ಲು ಕೋರೆ ಬೇಡ ಎಂದು ಊರವರು ಕಟ್ಟಿಕೊಂಡ ಸಮಿತಿ. ಅದರೊಳಗೇ ಇದ್ದು ಪೊಲೀಸರಿಗೆ ಸುದ್ದಿ ಕೊಟ್ಟು ದುಡ್ಡು ಪಡೆಯುವ ಒಬ್ಬ ಆಟೋ ಡ್ರೈವರ್. ಸಮಿತಿಯ ಹುಡುಗರು ಅವನನ್ನು ಹಿಡಿದು ಹೊಡೆಯುತ್ತಾರೆ, ಊರು ಬಿಡಿಸುತ್ತಾರೆ. ಕೊನೆಗೆ ಕೋರ್ಟಿನಲ್ಲಿ ಇನ್‌ಸ್ಪೆಕ್ಟರೇ ಅವನ ಹೆಸರು ಹೇಳುತ್ತಾರೆ. ಇಷ್ಟು ಕಥೆ. ಗಟ್ಟಿ ವಿಷಯ. ಭಜನಾ ಮಂದಿರದ ಜಗಲಿಯಲ್ಲಿ ಸಮಿತಿ ಸೇರುವ ಭಾಗವಂತೂ ತುಂಬ ಚೆನ್ನಾಗಿದೆ. ತುಳುವಿನಲ್ಲಿ ಶುರುವಾದ ಮಾತು ಕನ್ನಡಕ್ಕೆ ಬಂದು, ಜಗಳವಾದಾಗ ಮಲಯಾಳಕ್ಕೆ ಹೋಗುತ್ತದಲ್ಲ, ಅದನ್ನು ಮುಟ್ಟಬೇಡಿ.

ಈಗ ತೊಂದರೆಗೆ ಬರುತ್ತೇನೆ. ನಿಮ್ಮ ಕೋರ್ಟಿನ ದೃಶ್ಯವನ್ನು ನಂಬುವುದು ಕಷ್ಟ. ಅಪರಾಧದ ಸುದ್ದಿ ಎಲ್ಲಿಂದ ಸಿಕ್ಕಿತು ಎಂದು ಹೇಳುವಂತೆ ಪೊಲೀಸ್ ಅಧಿಕಾರಿಯನ್ನು ಯಾರೂ ಒತ್ತಾಯಿಸುವಂತಿಲ್ಲ. 1872ರ ಸಾಕ್ಷ್ಯ ಕಾಯ್ದೆಯ 125ನೇ ಸೆಕ್ಷನ್ ಅದನ್ನೇ ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಆ ರಕ್ಷಣೆ ಹಾಗೆಯೇ ಇದೆ. ಆರ್‌ಟಿಐ ಹಾಕಿ ಕೇಳೋಣ ಎಂದರೆ, ಆ ಕಾಯ್ದೆಯ 8(1)(ಜಿ) ಅಡ್ಡ ಬರುತ್ತದೆ. ಗುಟ್ಟಾಗಿ ಸುದ್ದಿ ಕೊಟ್ಟವರ ಗುರುತು ಸಿಗುವಂಥ ಮಾಹಿತಿಯನ್ನು ಕೊಡದೇ ಇರಬಹುದು ಎಂದು ಅದರಲ್ಲಿದೆ. ಅಂದರೆ ಇನ್‌ಸ್ಪೆಕ್ಟರ್ ತಾನಾಗಿ ಬಾಯಿ ಬಿಡುವುದಿಲ್ಲ, ಬಿಡಿಸಲು ನಿಮ್ಮ ಪಾತ್ರಗಳಿಗೆ ದಾರಿಯೂ ಇಲ್ಲ.

ಇದನ್ನು ಬರೀ ಕಾನೂನಿನ ತಪ್ಪು ಎಂದುಕೊಂಡು ಒಂದು ಪ್ಯಾರಾ ತಿದ್ದಿ ಕಳಿಸಬೇಡಿ. ನಿಮ್ಮ ಇಡೀ ಕಥೆ ನಿಂತಿರುವುದೇ ಆ ಒಪ್ಪಿಗೆಯ ಮೇಲೆ. ಅದನ್ನು ತೆಗೆದರೆ ಸಮಿತಿಯ ಕೈಯಲ್ಲಿ ಏನು ಉಳಿಯುತ್ತದೆ? ಪೊಲೀಸರ ಗುಪ್ತ ಮಾಹಿತಿ ವಿಭಾಗವಾದ ಸ್ಪೆಷಲ್ ಬ್ರಾಂಚಿನವರ ಬೈಕಿನ ಹಿಂದೆ ಅವನು ಕೂತಿದ್ದನ್ನು ಯಾರೋ ಬದಿಯಡ್ಕ ಪೇಟೆಯಲ್ಲಿ ನೋಡಿದರು. ಆಟೋದ ಸಾಲ ಒಮ್ಮೆಲೇ ತೀರಿತು. ಅಷ್ಟೇ ಅಲ್ವಾ? ಅಷ್ಟಕ್ಕೆ ನಿಮ್ಮ ಹುಡುಗರು ಒಬ್ಬನನ್ನು ತೋಟದಲ್ಲಿ ಹಾಕಿ ಹೊಡೆದಿದ್ದಾರೆ. ನೀವು ಅದನ್ನು ಊರಿನ ಗೆಲುವು ಎಂದು ಬರೆದಿದ್ದೀರಿ. ಆ ಪುಟ ಓದುವಾಗ ನನಗೆ ನಿಜವಾಗಿ ಸಂಕಟವಾಯಿತು. ಅವನಲ್ಲದಿದ್ದರೆ?

ಈ ಅನುಮಾನ ಸುಮ್ನೆ ಹುಟ್ಟಿಕೊಳ್ಳುವುದೂ ಅಲ್ಲ, ಕೆಲವೊಮ್ಮೆ ಅದನ್ನು ಬೇಕೆಂದೇ ಬಿತ್ತುತ್ತಾರೆ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ 1956ರಿಂದ 1971ರವರೆಗೆ ಚಳವಳಿಗಳನ್ನು ಒಡೆಯಲು ಕಾಯಿನ್‌ಟೆಲ್‌ಪ್ರೊ ಎಂಬ ಗುಟ್ಟಿನ ಯೋಜನೆ ನಡೆಸಿತ್ತು. ಸಂಘಟನೆಗೆ ನಿಷ್ಠೆಯಿಂದ ದುಡಿಯುವವನ ಮೇಲೆ ‘ಇವನು ಪೊಲೀಸರ ಕಡೆಯವನು’ ಎಂಬ ಸುಳ್ಳು ಹಬ್ಬಿಸುವುದೂ ಅದರ ಒಂದು ವಿಧಾನವಾಗಿತ್ತು. ಅದಕ್ಕೆ ಸಂಬಳ ಕೊಡಬೇಕಾಗಿಲ್ಲ. ಒಳಗಿನವರೇ ಒಳ್ಳೆಯ ಕಾರ್ಯಕರ್ತನನ್ನು ಹೊರಗೆ ಹಾಕುತ್ತಾರೆ.

ಅದೇ ಕಾಲದ ವಿಲಿಯಂ ಓನೀಲ್‌ನ ವಿಷಯ ನಿಮಗೆ ಗೊತ್ತಿರಬೇಕು. ಶಿಕಾಗೋದ ಹುಡುಗ. ಕಾರು ಕದ್ದ ಕೇಸಿನಲ್ಲಿ ಎಫ್‌ಬಿಐ ಕೈಗೆ ಸಿಕ್ಕಿಬಿದ್ದ. ಕೇಸಿನಿಂದ ಪಾರಾಗಲು, ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಸೇರಿ ಒಳಗಿನ ಸುದ್ದಿ ಕೊಡಲು ಒಪ್ಪಿದ. ಅಲ್ಲಿ ಭದ್ರತೆಯ ಹೊಣೆಯೇ ಅವನಿಗೆ ಬಂತು. ನಾಯಕ ಫ್ರೆಡ್ ಹ್ಯಾಂಪ್ಟನ್‌ನ ಮನೆಯ ನಕ್ಷೆ ಅವನಿಂದ ಎಫ್‌ಬಿಐಗೆ, ಅಲ್ಲಿಂದ ಪೊಲೀಸರಿಗೆ ಹೋಯಿತು. 1969ರ ಡಿಸೆಂಬರ್ 4ರ ಬೆಳಗಿನ ಜಾವ ಪೊಲೀಸರು ಆ ಮನೆಗೆ ನುಗ್ಗಿ ಹ್ಯಾಂಪ್ಟನ್‌ನನ್ನು ಗುಂಡಿಕ್ಕಿ ಕೊಂದರು. ಅವನಿಗೆ ಆಗ 21 ವರ್ಷ. ಓನೀಲ್‌ಗೆ 300 ಡಾಲರ್ ಬೋನಸ್ ಸಿಕ್ಕಿತು. ಅವನ ಗುಟ್ಟು ಹೊರಬಿದ್ದದ್ದು 1973ರಲ್ಲಿ. ಅಲ್ಲಿಯವರೆಗೆ ಪಕ್ಷದೊಳಗಿನ ದ್ರೋಹಿಗಳನ್ನು ಹುಡುಕಿ ಬೆದರಿಸಬೇಕೆಂದು ಜೋರು ಮಾಡುತ್ತಿದ್ದವರಲ್ಲಿ ಅವನೂ ಒಬ್ಬ. ನಿಮ್ಮ ಕಥೆಯಲ್ಲಿ ಮೊದಲು ಕೈ ಎತ್ತಿದವನು ಯಾರು ಎಂದು ಒಮ್ಮೆ ನೋಡಿಕೊಳ್ಳಿ. ಅವನ ಮೇಲೆ ಯಾರಿಗೂ ಅನುಮಾನವೇ ಬಂದಿಲ್ಲ. ಅವನೇ ಮಾಹಿತಿದಾರ ಎಂದು ಕೊನೆಯಲ್ಲಿ ತಿರುವು ಕೊಡಿ ಎನ್ನುತ್ತಿಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ಯಾರೆಂದು ಗೊತ್ತಾಗದ ಆ ಸ್ಥಿತಿಯಲ್ಲೇ ಓದುಗರನ್ನು ಇರಿಸಿ. ಸಮಿತಿಯವರು ಇರುವುದೂ ಅಲ್ಲೇ.

ಮೂರನೇ ಭಾಗದಲ್ಲಿ ಆ ಡ್ರೈವರ್ ನಿಜವಾಗಿ ಪೊಲೀಸ್ ಎಂದು ಐಡಿ ಕಾರ್ಡ್ ತೋರಿಸುತ್ತೀರಿ. ಬ್ರಿಟನ್ನಿನ ಮಾರ್ಕ್ ಕೆನಡಿಯ ಬಗ್ಗೆ ಓದಿದ್ದೇನೆ ಎಂದು ಪತ್ರದಲ್ಲಿ ಬರೆದಿದ್ದೀರಲ್ಲ, ಇದು ಅಲ್ಲಿಂದ ಬಂದದ್ದು. ಅವರು ಪೊಲೀಸ್ ಅಧಿಕಾರಿ. ಸುಳ್ಳು ಹೆಸರಿನಲ್ಲಿ ಪರಿಸರ ಹೋರಾಟಗಾರರ ನಡುವೆ ವರ್ಷಗಟ್ಟಲೆ ಬದುಕಿ 2010ರಲ್ಲಿ ಸಿಕ್ಕಿಬಿದ್ದರು. ಅವರದ್ದಲ್ಲದೆ, ಅಲ್ಲಿ 1968ರಿಂದ 2008ರವರೆಗೆ ಇದಕ್ಕೆಂದೇ ಇನ್ನೊಂದು ಪೊಲೀಸ್ ದಳವಿತ್ತು. ಅದರ ಕೆಲವರು ಸತ್ತ ಮಕ್ಕಳ ಹೆಸರನ್ನೇ ಇಟ್ಟುಕೊಂಡಿದ್ದರು. ಲಂಡನ್ನಿನಲ್ಲಿ ಅದು ನಡೆಯುತ್ತದೆ. ಎಣ್ಮಕಜೆಯಲ್ಲಿ ನಡೆಯುತ್ತದೆಯೇ? ಹೊಸಬನೊಬ್ಬ ಬಂದು ಕೂತರೆ ಯಾವ ಮನೆ, ಯಾರ ಮಗ, ತಾಯಿಯ ಊರು ಯಾವುದು ಎಂದು ಮೊದಲ ಚಾ ಮುಗಿಯುವುದರೊಳಗೆ ಕೇಳುವ ಊರು ಅದು. ಅಲ್ಲಿ ಸುದ್ದಿ ಕೊಡುವವನು ನಮ್ಮವನೇ ಆಗಿರಬೇಕು. ಮದುವೆಗೆ ಪಾತ್ರೆ ತೊಳೆದವನು, ಸಾವಿಗೆ ಕಟ್ಟಿಗೆ ಹೊತ್ತವನು.

ಹಾಗಾದರೆ ಅವನು ಪೊಲೀಸರ ಕಡೆಗೆ ಹೇಗೆ ಹೋದ? ನೀವು ನೋಟಿನ ಕಟ್ಟು ತೋರಿಸಿ ಮುಗಿಸಿದ್ದೀರಿ. ನಿಮ್ಮ ಕಥೆ ಬಡವಾಗಿರುವುದು ಇಲ್ಲೇ. ನಮ್ಮ ಜಿಲ್ಲೆಯ ಹುಡುಗನಿಗೆ ನೋಟಿಗಿಂತ ದೊಡ್ಡದು ಪಾಸ್‌ಪೋರ್ಟ್. ರಸ್ತೆ ತಡೆದ ಕೇಸು ಕೋರ್ಟಿನಲ್ಲಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಕಾಯ್ದೆಯಲ್ಲೇ ಅವಕಾಶವಿದೆ. ಕೋರ್ಟಿನ ಅನುಮತಿ ತರಬೇಕು, ಓಡಾಡಬೇಕು, ವಕೀಲರಿಗೆ ಕೊಡಬೇಕು. ದುಬೈಯಲ್ಲಿ ಭಾವ ಕೆಲಸ ನೋಡಿಟ್ಟಿದ್ದಾನೆ. ಆಗ ಒಬ್ಬ ಅಧಿಕಾರಿ ತುಂಬ ಮರ್ಯಾದೆಯಿಂದ, ‘ನಿನ್ನ ಹೆಸರು ಬಿಡಬಹುದಿತ್ತು’ ಎನ್ನುತ್ತಾನೆ. ಮೊದಲು ಕೇಳುವುದೂ ಸಣ್ಣದನ್ನೇ. ಕೇರಳದ ತೆಂಕಣದಿಂದ ಬಂದ ಆ ಅಧಿಕಾರಿಗೆ ಕನ್ನಡ ಓದಲು ಬರುವುದಿಲ್ಲ. ಸಮಿತಿಯ ನೋಟೀಸು ಕೈಗೆ ಕೊಟ್ಟು, ಇದರಲ್ಲಿ ಏನಿದೆ ಸ್ವಲ್ಪ ಹೇಳು ಎನ್ನುತ್ತಾನೆ. ಗೋಡೆಗೆ ಅಂಟಿಸಿದ ನೋಟೀಸು, ಎಲ್ಲರೂ ಓದಿದ್ದು. ಹೇಳಿದರೆ ಏನು ತಪ್ಪು? ಮುಂದಿನ ವಾರ ವಾಟ್ಸ್‌ಆ್ಯಪ್ ಗುಂಪಿನ ತುಳು ವಾಯ್ಸ್ ಮೆಸೇಜು. ದುಡ್ಡು ಇವೆಲ್ಲ ಆದ ಮೇಲೆ ಬರುತ್ತದೆ, ‘ಪೆಟ್ರೋಲಿಗೆ’ ಎಂದು. ಅದನ್ನು ತೆಗೆದುಕೊಂಡ ದಿನ ಅವನು ಮನೆಗೆ ಹೇಗೆ ಹೋದ, ಹೆಂಡತಿಗೆ ಏನು ಹೇಳಿದ ಎಂಬುದನ್ನು ಬರೆಯಿರಿ. ನಾಲ್ಕು ಪುಟವಾದರೂ ಆಗಲಿ.

ಆ ಅಧಿಕಾರಿಯನ್ನೂ ರಾಕ್ಷಸ ಮಾಡಬೇಡಿ. ನಾಳೆ ಎಷ್ಟು ಜನ ಸೇರುತ್ತಾರೆ, ಗಲಾಟೆ ಆಗಬಹುದೇ ಎಂದು ತಿಳಿದಿರುವುದು ಅವನ ಕೆಲಸ. ಕೋಮು ಗಲಭೆಯ ಭಯ ಇರುವ ಜಿಲ್ಲೆಯಲ್ಲಿ ಮೊದಲೇ ಸಿಕ್ಕ ಒಂದು ಸುದ್ದಿ ಜೀವ ಉಳಿಸಬಹುದು. ಆದರೆ ಕಲೆಕ್ಟರಿಗೆ ಮನವಿ ಕೊಟ್ಟು, ಅನುಮತಿ ಪಡೆದು ಮೆರವಣಿಗೆ ಮಾಡುವ ಸಮಿತಿಯೊಳಗೆ ದುಡ್ಡು ಕೊಟ್ಟು ಕಿವಿ ಇಡುವುದು ಬೇರೆ. ಅದನ್ನು ನಾನು ಒಪ್ಪುವುದಿಲ್ಲ. ಆ ಸಮಿತಿ ಪೊಲೀಸರಿಗೆ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ಆದರೂ ಪರಸ್ಪರ ನಂಬಿ ಕೂರುವುದನ್ನು ಅದು ಕಳೆದುಕೊಂಡಿತು. ಈ ವ್ಯತ್ಯಾಸ ಅಧಿಕಾರಿಗೂ ಗೊತ್ತಿರಲಿ, ಗೊತ್ತಿದ್ದೂ ಅವನು ಮಾಡಲಿ.

ಕಯ್ಯೂರಿನ ರೈತ ಹೋರಾಟದ ಪ್ಯಾರಾ ತೆಗೆಯಿರಿ. ಅದರ ನಾಲ್ವರನ್ನು 1943ರಲ್ಲಿ ಗಲ್ಲಿಗೇರಿಸಿದ್ದು ನಮ್ಮ ಓದುಗರಿಗೆ ಗೊತ್ತು. ಇಲ್ಲಿ ಅದು ಬರೀ ಭಾಷಣವಾಗಿದೆ.

ಹೊಡೆತದ ದೃಶ್ಯ ಇರಲಿ. ಆದರೆ ಹೊಡೆದ ಹುಡುಗರಲ್ಲಿ ಒಬ್ಬನ ಕಣ್ಣಿನಿಂದ ಬರೆಯಿರಿ. ಮರುದಿನ ಅವನು ಅದೇ ಜಗಲಿಗೆ ಬಂದು ಕೂರಬೇಕು, ಮುಂದಿನ ಧರಣಿಯ ಮಾತು ಎತ್ತಬೇಕು. ಅಲ್ಲಿಂದ ಮುಂದಿನದನ್ನು ನೀವೇ ಹುಡುಕಿ. ಕೋರ್ಟಿನ ಭಾಗ ಪೂರ್ತಿ ಹೋದರೆ ಕಥೆ ಚಿಕ್ಕದಾಗುತ್ತದೆ, ಅದರ ಚಿಂತೆ ಬೇಡ. ಮಲಯಾಳದ ಮಾತುಗಳಿಗೆ ಅಡಿಟಿಪ್ಪಣಿ ಹಾಕಬೇಡಿ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ಬಂದ ಕೂಡಲೇ ಓದುತ್ತೇನೆ.