ಪ್ರತಿ: ಬೆಕ್ಕಿಗೆ ಮನೆಯಲ್ಲೇ ಡ್ರಿಪ್ ಹಾಕೋದು ಹೇಗೆ?

ಹದಿಮೂರು ವರ್ಷದ ಬೆಕ್ಕಿಗೆ ಕಿಡ್ನಿ ತೊಂದರೆ, ಡಾಕ್ಟರು ಚರ್ಮದಡಿ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಅನ್ನೋ ಡ್ರಿಪ್ ದ್ರಾವಣ) ಕೊಡಿ ಅಂದಿದ್ದಾರೆ, ಸೂಜಿ ಹಿಡಿದರೆ ಕೈ ನಡುಗುತ್ತೆ ಅಂದಿರಲ್ಲ, ಮೊದಮೊದಲು ಎಲ್ಲರಿಗೂ ಹಾಗೇ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡ್ಕೊಳ್ಳಿ, ತಣ್ಣಗಿದ್ದರೆ ಬೆಕ್ಕು ಸುಮ್ನೆ ಕೂರಲ್ಲ. ಕಿಟಕಿ ಸರಳಿಗೆ ಎತ್ತರದಲ್ಲಿ ನೇತುಹಾಕಿ, ಟ್ಯೂಬಿನ ಗಾಳಿ ತೆಗೆದು, ಭುಜಗಳ ನಡುವಿನ ಸಡಿಲ ಚರ್ಮ ಎತ್ತಿ ಹಿಡಿದು ಆ ಮಡಿಕೆಯ ಬುಡಕ್ಕೆ ಚುಚ್ಚಿ. ಕೂದಲು ಒದ್ದೆಯಾದರೆ ಸೂಜಿ ಆಚೆ ಬದಿಗೆ ತೂರಿದೆ ಅಂತ ಅರ್ಥ. ಹಾಕಿದ ನೀರು ಉಬ್ಬಿಕೊಂಡು ಮುಂಗಾಲಿನತ್ತ ಜಾರುತ್ತೆ, ಗಾಬರಿ ಬೇಡ, ಕೆಲವು ಗಂಟೆಯಲ್ಲಿ ಇಳಿಯುತ್ತೆ. ಮಾರನೇ ದಿನವೂ ಇಳಿಯದಿದ್ದರೆ ಅಥವಾ ಉಸಿರು ಜೋರಾದರೆ ಮುಂದಿನದು ಕೊಡದೆ ಡಾಕ್ಟರಿಗೆ ಫೋನ್ ಮಾಡಿ. ಎಷ್ಟು ಎಂಎಲ್ ಅನ್ನೋದನ್ನ ಅವರೇ ಹೇಳ್ಬೇಕು, ಹೃದಯದ ಕಾಯಿಲೆಯಿದ್ದರೆ ಲೆಕ್ಕವೇ ಬೇರೆ. ಸೂಜಿ ಪ್ರತಿ ಸಲ ಹೊಸದು.

ನನಗೆ ಹೆಚ್ಚು ಚಿಂತೆಯಾಗಿದ್ದು, ನಿನ್ನೆಯಿಂದ ಏನೂ ತಿಂದಿಲ್ಲ ಅಂತ ಕೊನೆಗೆ ಬರೆದಿರೋ ಮಾತು. ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ ಲಿವರ್‌ನಲ್ಲಿ ಕೊಬ್ಬು ತುಂಬಿ ಇನ್ನೊಂದು ಕಾಯಿಲೆ ಅಂಟಿಕೊಳ್ಳಬಹುದು. ಇವತ್ತೇ ವಾಕರಿಕೆಗೆ ಔಷಧಿ ಕೇಳಿ. ಮೈ ಬಿಸಿ ಇದೆ ಅಂತ ಮನೆಯಲ್ಲಿರೋ ಪ್ಯಾರಾಸಿಟಮಾಲ್ ಮಾತ್ರ ಚೂರೂ ಹಾಕ್ಬೇಡಿ, ಬೆಕ್ಕಿಗೆ ಅದು ವಿಷ.