ಕಂಪ್ಯೂಟರಿನಲ್ಲಿ ಇದೆ, ರ್ಯಾಕಿನಲ್ಲಿ ಇಲ್ಲ: ಶಿಕ್ಷಣ ಗ್ರಂಥಾಲಯದ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳೆಲ್ಲ ಕೊಡಗಿನವು. ಬರೆದವರು ಬಿ.ಇಡಿ., ಎಂ.ಇಡಿ. ಓದುವವರು, ಕಲಿಸುವವರು, ಗ್ರಂಥಾಲಯ ನೋಡಿಕೊಳ್ಳುವವರು. ಮುದ್ರಿತ ಜರ್ನಲ್‌ಗಳು ನಿಂತು, ರ್ಯಾಕುಗಳು ಜಾಗ ಬದಲಿಸಿ, ಹಳೆಯ ಪುಸ್ತಕಗಳನ್ನು ತೆಗೆಯುವ ಕೆಲಸ ಶುರುವಾಗಿರುವ ಹೊತ್ತಿನಲ್ಲಿ ಹುಟ್ಟಿದ ಪ್ರಶ್ನೆಗಳಿವು.

ಪ್ರಶ್ನೆ: ಗ್ರಂಥಾಲಯದ ಕಂಪ್ಯೂಟರಿನಲ್ಲಿ ಹುಡುಕಿದಾಗ ‘ಅವೈಲೇಬಲ್’ ಎಂದು ಬರುತ್ತದೆ, ಹೋಗಿ ನೋಡಿದರೆ ಪುಸ್ತಕ ಇರುವುದಿಲ್ಲ. ಕನ್ನಡ ಪುಸ್ತಕಗಳಂತೂ ಹುಡುಕಿದರೂ ತೋರುವುದಿಲ್ಲ. ಎಸೆದುಬಿಟ್ಟಿದ್ದಾರೆಯೇ?
– ಬಿ.ಇಡಿ. ವಿದ್ಯಾರ್ಥಿನಿ, ವಿರಾಜಪೇಟೆ

‘ಅವೈಲೇಬಲ್’ ಅಂದರೆ ಆ ಪ್ರತಿ ಯಾರ ಹೆಸರಿನಲ್ಲೂ ಇಲ್ಲ ಎಂದಷ್ಟೇ. ಅದು ಎಲ್ಲಿದೆ ಎಂಬುದನ್ನು ಪಕ್ಕದ ‘ಲೊಕೇಶನ್’ ಕಲಂ ಹೇಳುತ್ತದೆ. ರ್ಯಾಕುಗಳನ್ನು ಸ್ಥಳಾಂತರಿಸಿದ ಗ್ರಂಥಾಲಯಗಳಲ್ಲಿ ಮೊದಲು ತಪ್ಪುವುದೇ ಈ ಕಲಂ. ಪುಸ್ತಕ ಉಲ್ಲೇಖ ವಿಭಾಗಕ್ಕೋ ಸ್ಟ್ಯಾಕ್ ಕೋಣೆಗೋ ಹೋಗಿರುತ್ತದೆ, ದಾಖಲೆಯಲ್ಲಿ ಹಳೆಯ ಜಾಗವೇ ಉಳಿದಿರುತ್ತದೆ. ನಿಜವಾಗಿ ತೆಗೆದುಹಾಕಿದ್ದರೆ ‘ವಿತ್‌ಡ್ರಾನ್’ ಎಂದೂ, ಕಳೆದಿದ್ದರೆ ‘ಲಾಸ್ಟ್’ ಎಂದೂ ಇರಬೇಕು. ಎರಡೂ ಇಲ್ಲದಿದ್ದರೆ ಎಸೆದಿದ್ದಾರೆ ಎಂದುಕೊಳ್ಳಬೇಡಿ.

ಪುಸ್ತಕದ ಬೆನ್ನಿನ ಮೇಲಿನ ವರ್ಗೀಕರಣ ಸಂಖ್ಯೆಯನ್ನು, ಅಂದರೆ ಕಾಲ್ ನಂಬರನ್ನು ಓದುವಾಗ ಆಗುವ ತಪ್ಪು ಒಂದಿದೆ. ಡ್ಯೂಯಿ ವರ್ಗೀಕರಣದಲ್ಲಿ ಶಿಕ್ಷಣಕ್ಕೆ 370, ಶೈಕ್ಷಣಿಕ ಮನೋವಿಜ್ಞಾನಕ್ಕೆ 370.15, ವಿಶೇಷ ಶಿಕ್ಷಣಕ್ಕೆ 371.9, ಪ್ರಾಥಮಿಕ ಶಿಕ್ಷಣಕ್ಕೆ 372. ಚುಕ್ಕಿಯ ನಂತರದ್ದು ದಶಮಾಂಶ, ಅದನ್ನು ಪೂರ್ಣ ಸಂಖ್ಯೆಯಂತೆ ಓದಬಾರದು. 15ಕ್ಕಿಂತ 117 ದೊಡ್ಡದು ಎಂದು ಎಣಿಸಿ 370.117ನ್ನು 370.15ರ ಬಲಕ್ಕೆ ಹುಡುಕುವವರು ಬಹಳ. ಅದು ಇರುವುದು ಎಡಕ್ಕೆ. ಪುಸ್ತಕವನ್ನು ವಾಪಸ್ ಇಡುವವರೂ ಇದೇ ತಪ್ಪು ಮಾಡುತ್ತಾರೆ, ಹಾಗಾಗಿ ಎರಡೂ ಕಡೆ ಒಂದೊಂದು ಅಡಿ ಕಣ್ಣಾಡಿಸಿ. ಆಗಲೂ ಸಿಗದಿದ್ದರೆ ಅಕ್ಸೆಶನ್ ನಂಬರ್ (ಒಂದೊಂದು ಪ್ರತಿಗೂ ಬೇರೆಯಾಗಿ ಕೊಟ್ಟ ಸಂಖ್ಯೆ) ಬರೆದು ಕೌಂಟರಿಗೆ ಕೊಡಿ. ಶೀರ್ಷಿಕೆ ಮಾತ್ರ ಕೊಟ್ಟರೆ ಯಾವ ಪ್ರತಿ ಹುಡುಕಬೇಕೆಂದು ಅವರಿಗೂ ತಿಳಿಯುವುದಿಲ್ಲ.

ಕನ್ನಡದ ತೊಂದರೆ ಬೇರೆಯದು. ಹಿಂದೆ ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಸೇರಿಸಿದ ದಾಖಲೆ ಯೂನಿಕೋಡ್ ಅಲ್ಲ. ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತದೆ, ನೀವು ಮೊಬೈಲಿನಲ್ಲಿ ಟೈಪ್ ಮಾಡಿದ ‘ಶಿಕ್ಷಣ’ಕ್ಕೆ ಅದು ಸಿಗುವುದಿಲ್ಲ. ಕೆಲವು ಕಡೆ ಕನ್ನಡ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿರುತ್ತಾರೆ, ಅದೂ ಒಬ್ಬರು ‘ಶ’ಕ್ಕೆ ಎಸ್ ಹಾಕಿ, ಇನ್ನೊಬ್ಬರು ಎಸ್‌ಎಚ್ ಹಾಕಿ. ಹೀಗೆ ಮಾಡಿ: ಕನ್ನಡದಲ್ಲಿ ಹುಡುಕಿ, ಸಿಗದಿದ್ದರೆ ಎರಡೂ ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಿ, ಆಮೇಲೆ ಶೀರ್ಷಿಕೆ ಬಿಟ್ಟು ಲೇಖಕರ ಹೆಸರಿನಿಂದ ಹುಡುಕಿ. ವಿಷಯದ ಹೆಸರನ್ನೂ ಬದಲಿಸಿ ನೋಡಿ. ಒಬ್ಬರ ‘ಶೈಕ್ಷಣಿಕ ಮನೋವಿಜ್ಞಾನ’ ಇನ್ನೊಬ್ಬರಿಗೆ ‘ಶಿಕ್ಷಣ ಮನಃಶಾಸ್ತ್ರ’. ‘ಬೋಧನೆ’ಯನ್ನು ‘ಭೋದನೆ’ ಎಂದು ಟೈಪ್ ಮಾಡಿದ ದಾಖಲೆಗಳೂ ಇರುತ್ತವೆ. ಕಂಡ ತಪ್ಪನ್ನು ಚೀಟಿ ಬರೆದು ತಿಳಿಸಿ. ಒಂದು ದಾಖಲೆ ತಿದ್ದಲು ಎರಡು ನಿಮಿಷ ಸಾಕು, ಆದರೆ ತಪ್ಪಿದೆ ಎಂದು ಯಾರಾದರೂ ಹೇಳಬೇಕು.

ಪ್ರಶ್ನೆ: ಮನೋವಿಜ್ಞಾನದ ಪರೀಕ್ಷಾ ಕಿಟ್‌ಗಳನ್ನು ಹಿಂದೆ ಮನೆಗೆ ಕೊಡುತ್ತಿದ್ದರು. ಈಗ ಅಲ್ಲೇ ಕೂತು ಬಳಸಿ ಎನ್ನುತ್ತಾರೆ. ಏಕೆ?
– ಎಂ.ಇಡಿ. ವಿದ್ಯಾರ್ಥಿ, ಕುಶಾಲನಗರ

ಆ ಬದಲಾವಣೆ ಸರಿಯಾದದ್ದೇ. ಭಾಟಿಯಾ ಬುದ್ಧಿಶಕ್ತಿ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಅದರಲ್ಲಿ 5 ಉಪಪರೀಕ್ಷೆಗಳು, ಒಟ್ಟು 95 ಅಂಕ. ಬಣ್ಣದ ಘನಗಳನ್ನು ಜೋಡಿಸಿ ವಿನ್ಯಾಸ ಮಾಡುವ ಕೋಹ್ಸ್ ಘನಗಳ ಭಾಗದಲ್ಲಿ 10 ವಿನ್ಯಾಸಗಳಿವೆ, ಮೊದಲ 5ಕ್ಕೆ ತಲಾ 2 ನಿಮಿಷ, ಉಳಿದ 5ಕ್ಕೆ ತಲಾ 3 ನಿಮಿಷ. ಬಣ್ಣದ ಒಂದು ಘನ ಕಳೆದರೆ ದೊಡ್ಡ ವಿನ್ಯಾಸಗಳು ಮುಗಿಯುವುದಿಲ್ಲ, ಮಗುವಿಗೆ ಬರಬೇಕಾದ ಅಂಕ ಬರುವುದಿಲ್ಲ. ಬಡಗಿಯಿಂದ ಅಂಥದ್ದೇ ಘನ ಮಾಡಿಸಿ ಸೇರಿಸಿದರೆ ಅಳತೆ, ಬಣ್ಣ ಬೇರೆಯಾಗಿ ಅಂಕಗಳನ್ನು ಹೋಲಿಸುವ ಮಾನಕಗಳಿಗೆ ಅರ್ಥ ಉಳಿಯುವುದಿಲ್ಲ. ಕಿಟ್ ಪಡೆಯುವಾಗ ಮುಚ್ಚಳದ ಒಳಗಿನ ಪಟ್ಟಿಯಂತೆ ಘನ, ಕಾರ್ಡು, ಕೈಪಿಡಿ, ಅಂಕ ನೀಡುವ ಕೀಲಿ ಎಲ್ಲವನ್ನೂ ಎಣಿಸಿ ಸಹಿ ಮಾಡಿ, ವಾಪಸ್ ಕೊಡುವಾಗಲೂ ಎಣಿಸಿ. ಉತ್ತರ ಹಾಳೆಗಳನ್ನು ಮಾತ್ರ ಮೊದಲೇ ಕೇಳಿಟ್ಟುಕೊಳ್ಳಿ, ಪ್ರಾಯೋಗಿಕ ಪರೀಕ್ಷೆಯ ವಾರದಲ್ಲಿ ಖಾಲಿಯಾಗುವುದು ಅವೇ. ಶಾಲೆಗೆ ಒಯ್ಯಲೇಬೇಕಿದ್ದರೆ ಮಾರ್ಗದರ್ಶಕರ ಪತ್ರ ತನ್ನಿ, ಒಂದು ದಿನಕ್ಕೆ ಕೊಡುವ ಪದ್ಧತಿ ಬಹಳ ಕಡೆ ಇದೆ.

ಪ್ರಶ್ನೆ: ಜರ್ನಲ್ ರ್ಯಾಕು ಖಾಲಿಯಾಗಿದೆ. ಎಲ್ಲ ಆನ್‌ಲೈನ್ ಎನ್ನುತ್ತಾರೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಏನು ಮಾಡುವುದು?
– ಸಂಶೋಧನಾ ವಿದ್ಯಾರ್ಥಿನಿ, ನಾಪೋಕ್ಲು

ಜರ್ನಲ್‌ಗಳನ್ನು ಆನ್‌ಲೈನಿನಲ್ಲಿ ಓದಲು ಕೊಡುವ ಕೇಂದ್ರ ಸರ್ಕಾರದ ‘ಒಂದು ದೇಶ ಒಂದು ಚಂದಾ’ ಯೋಜನೆ 2025ರ ಜನವರಿ 1ರಿಂದ ಜಾರಿಯಲ್ಲಿದೆ. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತಿದೆ. ಈ ಹಂತದಲ್ಲಿ ಸೇರಿರುವುದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಶಿಕ್ಷಣ ಸಂಸ್ಥೆಗಳು, ಸಂಶೋಧನಾ ಸಂಸ್ಥೆಗಳು. ನಿಮ್ಮದು ಖಾಸಗಿ ಕಾಲೇಜಾಗಿದ್ದರೆ ಇದರಲ್ಲಿ ಬರುವುದಿಲ್ಲ.

ಕ್ಯಾಂಪಸ್ಸಿನ ವೈಫೈನಲ್ಲಿ ಪ್ರಕಾಶಕರ ತಾಣ ನೇರವಾಗಿ ತೆರೆಯುತ್ತದೆ. ಮನೆಯಿಂದ ಓದಲು ಇನ್‌ಫ್ಲಿಬ್‌ನೆಟ್‌ನ ‘ಇನ್‌ಫೆಡ್’ ಲಾಗಿನ್ ಬೇಕು, ಅದನ್ನು ಗ್ರಂಥಪಾಲಕರು ಮಾಡಿಕೊಡುತ್ತಾರೆ. ಪ್ರಕಾಶಕರ ಪುಟದಲ್ಲಿ ಕಾಣುವ ಸಾಮಾನ್ಯ ‘ಲಾಗಿನ್’ ಒತ್ತಿದರೆ ಹಣ ಕೇಳುತ್ತದೆ. ‘ಸಂಸ್ಥೆಯ ಮೂಲಕ ಲಾಗಿನ್’ ಎಂಬರ್ಥದ ಕೊಂಡಿ ಹುಡುಕಿ, ಇನ್‌ಫೆಡ್ ಆರಿಸಿ, ನಿಮ್ಮ ಸಂಸ್ಥೆಯ ಹೆಸರು ಆರಿಸಿ. ಲಾಗಿನ್ ಇಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಈ ಒಂದು ಹೆಜ್ಜೆ ತಪ್ಪಿದ್ದರಿಂದ ಬರುತ್ತವೆ.

ಲಾಗಿನ್ ಬೇಡದವೂ ಇವೆ. ಎನ್‌ಸಿಇಆರ್‌ಟಿ ತನ್ನ ಜರ್ನಲ್‌ಗಳನ್ನು ಸ್ವಂತ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಪಿಎಚ್.ಡಿ. ಪ್ರಬಂಧಗಳಿಗೆ ಶೋಧಗಂಗಾ ಇದೆ. ಅಮೆರಿಕದ ಶಿಕ್ಷಣ ಇಲಾಖೆಯ ‘ಎರಿಕ್’ ಸೂಚಿಯಲ್ಲಿ ಸಂಖ್ಯೆ ‘ಇಡಿ’ಯಿಂದ ಶುರುವಾದರೆ ಅದು ವರದಿ, ಪಠ್ಯಕ್ರಮದಂಥ ದಾಖಲೆ, ‘ಇಜೆ’ಯಿಂದ ಶುರುವಾದರೆ ಜರ್ನಲ್ ಲೇಖನ. ಪೂರ್ಣಪಾಠ ಇರುವುದನ್ನು ಮಾತ್ರ ತೋರಿಸುವ ಚೌಕಕ್ಕೆ ಗುರುತು ಹಾಕಿದರೆ ಸಾರಾಂಶಗಳ ರಾಶಿಯಲ್ಲಿ ಕಳೆದುಹೋಗುವುದಿಲ್ಲ.

ಮಳೆಗಾಲಕ್ಕೆ ಮೇ ತಿಂಗಳಲ್ಲೇ ಸಿದ್ಧರಾಗಿ. ಬೇಕಾದ ಲೇಖನಗಳ ಪಟ್ಟಿ ಮಾಡಿ, ಕ್ಯಾಂಪಸ್ಸಿನಲ್ಲಿ ಕೂತು ಇಳಿಸಿಕೊಂಡು ಫೋನಿನಲ್ಲೂ ಪೆನ್‌ಡ್ರೈವಿನಲ್ಲೂ ಇಡಿ. ಕಡತಕ್ಕೆ ಲೇಖಕರ ಹೆಸರು, ವರ್ಷ ಕೊಡಿ. ಇಳಿಸಿದಾಗ ಬಂದ ಅಂಕಿಗಳ ಹೆಸರನ್ನೇ ಬಿಟ್ಟರೆ ಜುಲೈಯಲ್ಲಿ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ಸಾಫ್ಟ್‌ವೇರ್ ಹಾಕಿ ಒಂದು ಜರ್ನಲ್ಲಿನ ಸಂಚಿಕೆಗಳನ್ನೆಲ್ಲ ಒಟ್ಟಿಗೆ ಇಳಿಸಬೇಡಿ. ಪ್ರಕಾಶಕರು ಇಡೀ ಸಂಸ್ಥೆಯ ಪ್ರವೇಶವನ್ನೇ ತಡೆಹಿಡಿಯುತ್ತಾರೆ.

ಪ್ರಶ್ನೆ: ಮಳೆ ರಜೆ ಕೊಟ್ಟ ದಿನಗಳಿಗೂ ದಂಡ ಹಾಕಿದ್ದಾರೆ. ಸರಿಯೇ?
– ಬಿ.ಇಡಿ. ವಿದ್ಯಾರ್ಥಿ, ಸೋಮವಾರಪೇಟೆ

ಸರಿಯಲ್ಲ, ಆದರೆ ಬೇಕೆಂದು ಹಾಕಿದ್ದೂ ಇರಲಿಕ್ಕಿಲ್ಲ. ಕೋಹಾದಂಥ ಗ್ರಂಥಾಲಯ ತಂತ್ರಾಂಶದಲ್ಲಿ ರಜೆಯನ್ನು ಕ್ಯಾಲೆಂಡರಿನಲ್ಲಿ ಸೇರಿಸಿದರೆ ಮಾತ್ರ ದಂಡದ ಲೆಕ್ಕದಿಂದ ಬಿಡುತ್ತದೆ. ಜಿಲ್ಲಾಧಿಕಾರಿಗಳ ರಜೆ ಆದೇಶ ಹಿಂದಿನ ರಾತ್ರಿ ಬರುವುದರಿಂದ ಅದು ತಪ್ಪಿಹೋಗುತ್ತದೆ. ಆದೇಶದ ದಿನಾಂಕ ಬರೆದು ಅರ್ಜಿ ಕೊಡಿ, ದಂಡ ಮನ್ನಾ ಮಾಡಲು ಅವಕಾಶವಿದೆ.

ಪ್ರಶ್ನೆ: ಜಾಗವಿಲ್ಲ. ಹಳೆಯ ಪಠ್ಯಪುಸ್ತಕ, ತರಬೇತಿ ಕೈಪಿಡಿಗಳನ್ನು ತೆಗೆದುಹಾಕಿ ಎಂದು ಮೇಲಿನಿಂದ ಹೇಳಿದ್ದಾರೆ. ಯಾವುದನ್ನು ತೆಗೆಯಬಹುದು?
– ಗ್ರಂಥಪಾಲಕಿ, ಮಡಿಕೇರಿ

ಮೇಡಂ, ಹಳೆಯ ಪಠ್ಯಪುಸ್ತಕದಿಂದ ಶುರುಮಾಡಬೇಡಿ. ಬೇರೆ ಗ್ರಂಥಾಲಯದಲ್ಲಿ ಅದು ರದ್ದಿ, ಶಿಕ್ಷಣ ಗ್ರಂಥಾಲಯದಲ್ಲಿ ಅದೇ ಮೂಲ ಆಕರ. ಪಠ್ಯಪುಸ್ತಕ ವಿಶ್ಲೇಷಣೆ ಬಿ.ಇಡಿ. ಮಕ್ಕಳು ಮಾಡಲೇಬೇಕಾದ ಕೆಲಸ, ಹೋಲಿಸಲು ಹಿಂದಿನದು ಬೇಡವೇ? ಎನ್‌ಸಿಇಆರ್‌ಟಿ 2023ರಲ್ಲಿ 1, 2ನೇ ತರಗತಿಗೆ, 2024ರಲ್ಲಿ 3, 6ನೇ ತರಗತಿಗೆ, 2025ರಲ್ಲಿ 4, 5, 7, 8ನೇ ತರಗತಿಗೆ ಹೊಸ ಪುಸ್ತಕ ತಂದಿತು. 2005ರ ಪಠ್ಯಕ್ರಮ ಚೌಕಟ್ಟಿನ ಪುಸ್ತಕಗಳು ಶಾಲೆಗಳಿಂದ ಮಾಯವಾಗುತ್ತಿರುವ ಹೊತ್ತಿದು. ನಮ್ಮ ರಾಜ್ಯದಲ್ಲೂ 2017, 2022, 2023ರಲ್ಲಿ ಬದಲಾವಣೆಗಳಾದವು. 2023ರವು ಪೂರಕ ಹಾಳೆಗಳಾಗಿ ಬಂದವು, ಅಂಥ ತೆಳು ಹಾಳೆಗಳು ಮೊದಲು ಕಸಕ್ಕೆ ಹೋಗುತ್ತವೆ. ಪ್ರತಿ ತರಗತಿ, ಪ್ರತಿ ವಿಷಯ, ಪ್ರತಿ ಪರಿಷ್ಕರಣೆಗೆ 2 ಪ್ರತಿ ಇಟ್ಟುಕೊಳ್ಳಿ. ಉಳಿದ ಪ್ರತಿಗಳನ್ನು ತೆಗೆಯಿರಿ.

ಸ್ಥಳೀಯವಾದದ್ದನ್ನು ಮುಟ್ಟಬೇಡಿ. ಕೂಡಿಗೆಯ ಡಯಟ್‌ನ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ತರಬೇತಿ ಸಾಹಿತ್ಯ, ಕೊಡವ ಮತ್ತು ಅರೆಭಾಷೆ ಅಕಾಡೆಮಿಗಳ ಪುಸ್ತಕಗಳು, ಜೇನುಕುರುಬ, ಯರವ ಮಕ್ಕಳ ಕಲಿಕೆಗೆಂದು ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳು, ಇವುಗಳ ಇನ್ನೊಂದು ಪ್ರತಿ ಎಲ್ಲಿದೆ ಎಂದು ಯಾರೂ ಖಾತ್ರಿಯಾಗಿ ಹೇಳಲಾರರು. ಬೆನ್ನಿಲ್ಲದ ಕಿರುಪುಸ್ತಕಗಳನ್ನು ವಿಷಯವಾರು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಗಲ್ಲ, ಒಂದೊಂದಕ್ಕೂ ದಾಖಲೆ ಮಾಡಿ.

ಹಾಗಾದರೆ ಜಾಗ ಎಲ್ಲಿಂದ? ಐದಾರು ಪ್ರತಿ ಇರುವ ಗೈಡುಗಳು, ಒಂದು ವರ್ಷದ ಬಿ.ಇಡಿ. ಇದ್ದ ಕಾಲದ ಪ್ರಶ್ನೋತ್ತರ ಪುಸ್ತಕಗಳು, ಹಳೆಯ ಕಂಪ್ಯೂಟರ್ ಕೈಪಿಡಿಗಳು, ಸಿ.ಡಿ. ಓಡದೆ ಹೋದ ಪುಸ್ತಕಗಳಿಂದ. ಬೈಂಡ್ ಮಾಡಿದ ಜರ್ನಲ್ ಸಂಪುಟಗಳಿಗೆ ಕೈಹಾಕುವ ಮೊದಲು ಆನ್‌ಲೈನಿನಲ್ಲಿ ಯಾವ ವರ್ಷದಿಂದ ಇದೆ ಎಂದು ಒಂದೊಂದನ್ನೂ ತೆರೆದು ನೋಡಿ. ಚಂದಾ ಅವಧಿಗೆ ಕೊನೆಯಿದೆ, ನಿಮ್ಮ ರ್ಯಾಕಿನ ಸಂಪುಟಕ್ಕೆ ಇಲ್ಲ.

ತೆಗೆಯುವುದನ್ನು ಒಬ್ಬರೇ ನಿರ್ಧರಿಸಬೇಡಿ. ವಿಷಯ ಬೋಧಿಸುವವರನ್ನು ಸೇರಿಸಿ ಸಮಿತಿ ಮಾಡಿ, ಪಟ್ಟಿಯನ್ನು 15 ದಿನ ಎಲ್ಲರಿಗೂ ಕಾಣುವಂತೆ ಇಡಿ. ಅನುಮೋದನೆಯಾದ ಮೇಲೆ ಅಕ್ಸೆಶನ್ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ಆದೇಶ ಸಂಖ್ಯೆ, ದಿನಾಂಕ ಬರೆಯಿರಿ, ಪುಸ್ತಕಕ್ಕೆ ರದ್ದು ಮುದ್ರೆ ಹಾಕಿ, ಬಾರ್‌ಕೋಡ್ ಕೀಳಿ, ಕಂಪ್ಯೂಟರಿನಲ್ಲಿ ‘ವಿತ್‌ಡ್ರಾನ್’ ಮಾಡಿ. ದಾಖಲೆಯನ್ನೇ ಅಳಿಸಬೇಡಿ, ಅಳಿಸಿದರೆ ಮುಂದಿನ ಪರಿಶೀಲನೆಯಲ್ಲಿ ಆ ಸಂಖ್ಯೆ ಕಳೆದ ಪುಸ್ತಕವಾಗಿ ನಿಮ್ಮ ತಲೆಗೇ ಬರುತ್ತದೆ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮ 2017ರ ಪ್ರಕಾರ ವರ್ಷದಲ್ಲಿ ಎರವಲು ಹೋದ ಅಥವಾ ನೋಡಲ್ಪಟ್ಟ 1,000 ಸಂಪುಟಕ್ಕೆ 5 ನಷ್ಟವಾದರೆ, ಅದರಲ್ಲಿ ಮೋಸವೋ ನಿರ್ಲಕ್ಷ್ಯವೋ ಇಲ್ಲದಿದ್ದರೆ, ಸಹಜವೆಂದು ಒಪ್ಪಬಹುದು. ನಿಮ್ಮ ಸಂಸ್ಥೆ ಸ್ವಂತ ನಿಯಮ ಬರೆದುಕೊಳ್ಳುವಾಗ ಇದು ಒಳ್ಳೆಯ ಅಳತೆ.

ಪ್ರಶ್ನೆ: ಹೊಸ ಕಟ್ಟಡಕ್ಕೆ ಬಂದ ಮೇಲೆ ಪುಸ್ತಕಕ್ಕೆ ಬೂಷ್ಟು ಹೆಚ್ಚಾಗಿದೆ. ನುಸಿಗುಳಿಗೆ ಇಟ್ಟರೂ ಕಡಿಮೆಯಾಗಿಲ್ಲ.
– ಕಾಲೇಜು ಗ್ರಂಥಾಲಯ ಸಹಾಯಕ, ಪೊನ್ನಂಪೇಟೆ

ನುಸಿಗುಳಿಗೆಗೆ ಹೆದರುವುದು ಹುಳು, ಬೂಷ್ಟಲ್ಲ. ಓದುವ ಕೋಣೆಯಲ್ಲಿ ಅದರ ಆವಿ ಜನರಿಗೂ ಒಳ್ಳೆಯದಲ್ಲ, ತೆಗೆದುಬಿಡಿ. ಗಾಳಿಯ ತೇವಾಂಶ ಶೇ 65 ದಾಟಿ ನಿಂತರೆ ಬೂಷ್ಟು ಬೆಳೆಯುತ್ತದೆ, ಕೊಡಗಿನ ಜೋರು ಮಳೆಯ ಕಕ್ಕಡ ತಿಂಗಳಿನಲ್ಲಿ ಅದು ದಿನಗಟ್ಟಲೆ ಇಳಿಯುವುದೇ ಇಲ್ಲ. ಡಿಜಿಟಲ್ ತೇವಾಂಶ ಮಾಪಕವೊಂದನ್ನು ತಂದು ಕೌಂಟರಿನ ಮೇಲಲ್ಲ, ಹೊರಗೋಡೆಯ ಪಕ್ಕದ ರ್ಯಾಕಿನ ಕೆಳಗಿನ ತಟ್ಟೆಯಲ್ಲಿ ಪುಸ್ತಕದ ಹಿಂದೆ ಇಡಿ. ಕಾಯಿಲೆ ಶುರುವಾಗುವುದು ಅಲ್ಲಿ.

ಹೊಸ ಕಟ್ಟಡದಲ್ಲಿ ರ್ಯಾಕುಗಳನ್ನು ಗೋಡೆಗೆ ಒತ್ತಿ ಇಟ್ಟಿರಬೇಕು. ಹೊರಗೋಡೆಯಿಂದ ಕನಿಷ್ಠ 6 ಅಂಗುಲ ಎಳೆಯಿರಿ, ಕೆಳಗಿನ ತಟ್ಟೆಯೂ ನೆಲದಿಂದ 6 ಅಂಗುಲ ಮೇಲಿರಲಿ. ತಟ್ಟೆಯನ್ನು ಮುಕ್ಕಾಲು ಭಾಗ ಮಾತ್ರ ತುಂಬಿ, ಬಿಗಿಯಾಗಿ ತುರುಕಿದರೆ ನಡುವೆ ಗಾಳಿ ಆಡುವುದಿಲ್ಲ. ತಟ್ಟೆಗೆ ಹಾಸಿದ ಪೇಪರ್ ತೇವ ಹಿಡಿದಿಡುತ್ತದೆ, ಪ್ಲಾಸ್ಟಿಕ್ ಹೊದಿಕೆ ಒಳಗಿನ ತೇವವನ್ನು ಹೊರಗೆ ಬಿಡುವುದಿಲ್ಲ. ಎರಡೂ ಬೇಡ. ಮಳೆ ಸುರಿಯುವಾಗ ‘ಗಾಳಿ ಬರಲಿ’ ಎಂದು ಕಿಟಕಿ ತೆರೆದರೆ ಒಳಗೆ ಬರುವುದು ನೀರೇ. ಮುಚ್ಚಿ ಫ್ಯಾನು ಹಾಕಿ, ಬಿಸಿಲು ಬಿದ್ದ ಹೊತ್ತಿನಲ್ಲಿ ಮಾತ್ರ ತೆರೆಯಿರಿ. ತೇವ ಹೀರುವ ಯಂತ್ರ ಕೊಂಡರೆ ಅದರ ತೊಟ್ಟಿ ತುಂಬಿದ ಕೂಡಲೇ ಯಂತ್ರ ನಿಲ್ಲುತ್ತದೆ ಎಂಬುದು ನೆನಪಿರಲಿ, ಶನಿವಾರ ಸಂಜೆ ಖಾಲಿ ಮಾಡದೆ ಬೀಗ ಹಾಕಿದರೆ ಸೋಮವಾರ ಬೂಷ್ಟಿನ ವಾಸನೆಯೇ ಎದುರಾಗುತ್ತದೆ.

ಬೂಷ್ಟು ಹಿಡಿದ ಪುಸ್ತಕವನ್ನು ಬೇರೆ ಕೋಣೆಗೆ ಸಾಗಿಸಿ ಮೊದಲು ಒಣಗಿಸಿ. ಕಾಫಿ ಕಣದಲ್ಲಿ ಹರಡುವಂತೆ ಬಿಸಿಲಿಗೆ ಹಾಕಬೇಡಿ, ಕಾಗದ ಹಳದಿಯಾಗುತ್ತದೆ, ಬೆನ್ನಿನ ಅಂಟು ಸಿಡಿಯುತ್ತದೆ. ನೆರಳಿನಲ್ಲಿ ನಿಲ್ಲಿಸಿ, ಹಾಳೆ ಬಿಡಿಸಿ, ಫ್ಯಾನಿನ ಗಾಳಿ ನೇರವಾಗಿ ತಾಗದಂತೆ ಇಡಿ. ಬೆರಳು ತಾಗಿದಾಗ ಸವರಿಕೊಂಡರೆ ಬೂಷ್ಟು ಇನ್ನೂ ಜೀವಂತ, ಆಗ ಒರೆಸಿದರೆ ಕಾಗದದೊಳಗೆ ಇಳಿಯುತ್ತದೆ. ಪುಡಿಯಾಗಿ ಉದುರುವಷ್ಟು ಒಣಗಿದ ಮೇಲೆ ಎನ್95 ಮಾಸ್ಕ್, ಕೈಗವಸು ಹಾಕಿಕೊಂಡು ಹೊರಗೆ ಜಗಲಿಯಲ್ಲಿ ಮೆದು ಕುಂಚದಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಗುಡಿಸಿ. ಒದ್ದೆ ಬಟ್ಟೆ, ಡೆಟಾಲ್ ಬೇಡ. ಉಬ್ಬಸ ಇರುವವರಿಗೆ ಈ ಕೆಲಸ ಹೇಳಬೇಡಿ.

ಸೋರಿ ಪೂರ್ತಿ ನೆನೆದ ಪುಸ್ತಕಕ್ಕೆ 48 ಗಂಟೆಯ ಗಡುವಿದೆ, ಆಮೇಲೆ ಬೂಷ್ಟು ಕಟ್ಟುತ್ತದೆ. ಚಿತ್ರವಿರುವ ನುಣುಪು ಕಾಗದದ್ದಾದರೆ ಅಷ್ಟೂ ಸಮಯವಿಲ್ಲ, ಒಣಗುತ್ತಾ ಹಾಳೆಗಳು ಒಂದಕ್ಕೊಂದು ಅಂಟಿ ಹಲಗೆಯಾಗುತ್ತವೆ. ಅಂಥದ್ದನ್ನು ಬಿಡಿಸಲು ಹೋಗದೆ ಬೆಣ್ಣೆ ಕಾಗದದಲ್ಲಿ ಸುತ್ತಿ ಫ್ರೀಜರಿನಲ್ಲಿಡಿ, ಮಳೆ ಕಳೆದು ಕೈ ಬಿಡುವಾದಾಗ ಒಂದೊಂದಾಗಿ ತೆಗೆದು ಹಾಳೆಗಳ ನಡುವೆ ಒತ್ತುಕಾಗದವಿಟ್ಟು ಒಣಗಿಸಿ.